ಡಿಸ್ಕ್ ಇಲ್ಲದ ಸೆಕೆಂಡ್ ಹ್ಯಾಂಡ್ ಥಿನ್ ಕ್ಲೈಂಟ್, ನಾವೇ ಬಿಲ್ಡ್ ಮಾಡಿದ ಕರ್ನಲ್: ದುಡ್ಡಿಗೆ ಮೋಸ ಇಲ್ಲ

ತಗೊಳ್ಳಬಹುದು. ಆದರೆ ಯಾವ ಕೆಲಸಕ್ಕೆ ಅಂತ ತಿಳಿದು ತಗೊಳ್ಳಿ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಕಂಪ್ಯೂಟರ್ ಮಾರುವ ಅಂಗಡಿಗಳಿಗೆ ಹೋದರೆ, ಆಫೀಸುಗಳು ಒಟ್ಟಿಗೆ ಹೊರಹಾಕಿದ ಥಿನ್ ಕ್ಲೈಂಟ್‌ಗಳು, ಅಂದರೆ ಸರ್ವರ್ ಆಸರೆಯಲ್ಲಿ ನಡೆಯುವ ಚಿಕ್ಕ ಕಂಪ್ಯೂಟರ್ ಡಬ್ಬಿಗಳು, ಒಂದರ ಮೇಲೊಂದು ಪೇರಿಸಿಟ್ಟಿರುವುದು ಕಾಣುತ್ತದೆ. ಒಳಗೆ ಎಎಂಡಿಯದ್ದೋ ಇಂಟೆಲ್‌ನದ್ದೋ 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, ಒಂದು ಗಿಗಾಬಿಟ್ ಪೋರ್ಟ್. ಫ್ಯಾನ್ ಇಲ್ಲ, ಸದ್ದಿಲ್ಲ. ಒಳಗಿದ್ದ ಸಣ್ಣ ಫ್ಲ್ಯಾಶ್ ಡಿಸ್ಕ್ ಅನ್ನು ಮಾತ್ರ ಯಾರೋ ಮೊದಲೇ ಕಿತ್ತುಕೊಂಡಿರುತ್ತಾರೆ. ಅದಕ್ಕೇ ಬೆಲೆ ಕಮ್ಮಿ. ಅಂಗಡಿಯವರು ಕೂಡಲೇ ಒಂದು ಎಸ್‌ಎಸ್‌ಡಿ ಹಾಕಿ ಕೊಡುತ್ತೇನೆ ಸರ್ ಅನ್ನುತ್ತಾರೆ. ಬೇಡ ಅನ್ನಿ. ಆ ಎಸ್‌ಎಸ್‌ಡಿ ಹಾಕಿಸಿದರೆ ಈ ಡಬ್ಬಿ ತಗೊಂಡ ಲಾಭದಲ್ಲಿ ಅರ್ಧ ಅಲ್ಲೇ ಹೋಯಿತು.

ನಾನು ತಗೊಂಡಿದ್ದು ಒಂದು ಕಂಪ್ಯೂಟರ್ ಕ್ಲಾಸಿಗೆ. ಮಕ್ಕಳು ಅಲ್ಲಿ ಕನ್ನಡ ಟೈಪಿಂಗ್, ಸ್ಪ್ರೆಡ್‌ಶೀಟ್, ಸ್ವಲ್ಪ ಪೈಥಾನ್ ಕಲಿಯುತ್ತಾರೆ. ಪ್ರತಿ ಮೆಷಿನ್‌ಗೂ ಒಂದೊಂದು ಡಿಸ್ಕ್, ಅದರಲ್ಲೊಂದೊಂದು ಲಿನಕ್ಸ್, ಒಂದೊಂದಕ್ಕೂ ಬೇರೆ ಅಪ್‌ಡೇಟ್ ಅಂತ ಓಡಾಡುವುದು ಯಾರಿಗೆ ಬೇಕು? ಸರ್ವರ್‌ನಲ್ಲಿ ಒಂದು ಫೋಲ್ಡರ್, ಅದೇ ಎಲ್ಲಾ ಮೆಷಿನ್‌ಗಳಿಗೂ ರೂಟ್ ಫೈಲ್‌ಸಿಸ್ಟಂ, ಅಂದರೆ ಲಿನಕ್ಸ್‌ನ ಎಲ್ಲಾ ಫೈಲ್‌ಗಳೂ ಇರುವ ಜಾಗ. ಅದಕ್ಕೆ ಬೇಕಾದದ್ದು ನೆಟ್‌ವರ್ಕ್‌ನಿಂದ ಬೂಟ್ ಆಗುವ ಒಂದು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು ಪ್ರೋಗ್ರಾಂ. ಹಾಗಾಗಿ ಇದು ಅರ್ಧ ಡಬ್ಬಿಯ ರಿವ್ಯೂ, ಅರ್ಧ ಲಿನಕ್ಸ್ ಕರ್ನಲ್‌ನ ನೆಟ್‌ಬೂಟ್ ಸೌಲಭ್ಯದ ರಿವ್ಯೂ. ಕಂಪನಿ, ಮಾಡೆಲ್ ಹೆಸರು ಬೇಡ, ಈ ಜಾತಿಯ ಡಬ್ಬಿಗಳೆಲ್ಲ ಹೆಚ್ಚು ಕಡಿಮೆ ಒಂದೇ.

ಮೊದಲು ಡಬ್ಬಿ. ಅಂಗಡಿಯಲ್ಲೇ ನಿಂತು ನೋಡಬೇಕಾದ್ದು ಪ್ರೊಸೆಸರ್ ಅಲ್ಲ, ಬಯೋಸ್, ಅಂದರೆ ಆನ್ ಮಾಡಿದಾಗ ಮೊದಲು ಎದ್ದು ಬೂಟ್ ಶುರು ಮಾಡುವ ಪ್ರೋಗ್ರಾಂ. ಆಫೀಸಿನಿಂದ ಬಂದ ಮಾಲು ಆದ್ದರಿಂದ ಎಷ್ಟೋ ಸಲ ಬಯೋಸ್‌ಗೆ ಅಡ್ಮಿನ್ ಪಾಸ್‌ವರ್ಡ್ ಹಾಕಿರುತ್ತಾರೆ, ಆ ಪಾಸ್‌ವರ್ಡ್ ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಬೂಟ್ ಆರ್ಡರ್ ಬದಲಿಸಲು ಆಗದಿದ್ದರೆ ನಮ್ಮ ಕೆಲಸಕ್ಕೆ ಅದು ಬರುವುದಿಲ್ಲ. ಮಾನಿಟರ್, ಕೀಬೋರ್ಡ್ ಕೇಳಿ, ಸೆಟಪ್ ಒಳಗೆ ಹೋಗಿ, ನೆಟ್‌ವರ್ಕ್ ಬೂಟ್ ಆನ್ ಮಾಡಿ, ಸೇವ್ ಆಗುತ್ತಾ ನೋಡಿ. ಸಹಿ ಇಲ್ಲದ ಕರ್ನಲ್ ಓಡಿಸಲು ಬಿಡದ ಸೆಕ್ಯೂರ್ ಬೂಟ್ ಆಫ್ ಆಗುತ್ತಾ ಅದನ್ನೂ ನೋಡಿ. ಆಮೇಲೆ ಇನ್‌ಸ್ಟಾಲ್ ಮಾಡದೇ ಲಿನಕ್ಸ್ ಓಡಿಸುವ ಒಂದು ಲೈವ್ ಯುಎಸ್‌ಬಿ ಹಾಕಿ ನೆಟ್‌ವರ್ಕ್ ಚಿಪ್ ಯಾವುದು ಅಂತ ಬರೆದುಕೊಳ್ಳಿ. ಈ ಜಾತಿಯ ಡಬ್ಬಿಗಳಲ್ಲಿ ರಿಯಲ್‌ಟೆಕ್ ಜಾಸ್ತಿ, ಕೆಲವರದ್ದರಲ್ಲಿ ಇಂಟೆಲ್. ಎರಡೂ ಸರಿಯೇ, ಆದರೆ ಕರ್ನಲ್ ಕಾನ್ಫಿಗರ್ ಮಾಡುವಾಗ ಇದೊಂದು ಗೊತ್ತಿದ್ದರೆ ಮುಕ್ಕಾಲು ತಲೆನೋವು ಇಲ್ಲ. ಪವರ್ ಅಡಾಪ್ಟರ್ ಮೂಲ ಕಂಪನಿಯದ್ದೇ ಇದೆಯಾ ನೋಡಿ. ಪಿನ್ ಬೇರೆ ಬೇರೆ ಇರುತ್ತದೆ, ಆಮೇಲೆ ಹುಡುಕುವುದು ಕಷ್ಟ.

ಇನ್ನು ನೆಟ್‌ವರ್ಕ್ ಬೂಟ್. ಇಂಟೆಲ್ 1999ರಲ್ಲಿ ಪಿಎಕ್ಸ್‌ಇ 2.1 ಅಂತ ಒಂದು ಸ್ಪೆಸಿಫಿಕೇಶನ್ ಹೊರತಂದಿತು. ಇವತ್ತಿಗೂ ಹಳೇ ಬಯೋಸ್‌ಗಳು ಮಾಡುವುದು ಅದನ್ನೇ. ಕಾರ್ಡ್ ಎದ್ದು ಡಿಎಚ್‌ಸಿಪಿ ಕೇಳುತ್ತದೆ, ಅಂದರೆ ನನಗೊಂದು ಐಪಿ ವಿಳಾಸ ಕೊಡಿ ಅನ್ನುತ್ತದೆ, ಉತ್ತರದಲ್ಲಿ ಐಪಿ ಜೊತೆಗೆ ಯಾವ ಸರ್ವರ್, ಯಾವ ಫೈಲ್ ಅಂತ ಬರುತ್ತದೆ, ಆ ಫೈಲನ್ನು ಟಿಎಫ್‌ಟಿಪಿ ಅನ್ನುವ ಸರಳ ಫೈಲ್ ಸಾಗಣೆ ವಿಧಾನದಲ್ಲಿ ಎಳೆದುಕೊಳ್ಳುತ್ತದೆ. ಸರ್ವರ್ ಕಡೆ ಡಿಎನ್‌ಎಸ್‌ಮಾಸ್ಕ್ ಒಂದಿದ್ದರೆ ಸಾಕು, ಡಿಎಚ್‌ಸಿಪಿ, ಟಿಎಫ್‌ಟಿಪಿ ಎರಡೂ ಅದರೊಳಗೇ ಇವೆ. ಮನೆಯ ರೂಟರ್ ಡಿಎಚ್‌ಸಿಪಿ ಬಿಟ್ಟುಕೊಡುವುದಿಲ್ಲ ಅಂದರೆ ಪ್ರಾಕ್ಸಿ ಮೋಡ್‌ನಲ್ಲಿ ಇಡಿ, ಐಪಿ ರೂಟರ್ ಕೊಡುತ್ತದೆ, ಬೂಟ್ ಮಾಹಿತಿ ಮಾತ್ರ ಇದು ಕೊಡುತ್ತದೆ. ಇಷ್ಟು ಸಲೀಸಾಗಿ ಕೆಲಸ ಮಾಡುವ ಸಾಫ್ಟ್‌ವೇರ್ ಬಗ್ಗೆ ಬೈಯಲು ಏನೂ ಸಿಗಲಿಲ್ಲ.

ಈಗ ಕರ್ನಲ್. ನನ್ನ ಮುಖ್ಯ ಮಾತು ಇಲ್ಲೇ ಇರುವುದು. ನೆಟ್‌ಬೂಟ್ ಕರ್ನಲ್ ಬಿಲ್ಡ್ ಮಾಡುವುದು ಕಷ್ಟ ಅನ್ನುವವರಲ್ಲಿ ಬಹಳ ಜನ ತಮ್ಮ ಡಿಸ್ಟ್ರೋದ (ತಾವು ಬಳಸುವ ಲಿನಕ್ಸ್ ಆವೃತ್ತಿಯ) ಕಾನ್ಫಿಗ್ ಫೈಲನ್ನು ಕಾಪಿ ಮಾಡಿ ಅಲ್ಲಿಂದ ಶುರು ಮಾಡಿರುತ್ತಾರೆ. ಅದು ಈ ಕೆಲಸಕ್ಕೆ ತಪ್ಪು ಬಾಗಿಲು. ಡೆಬಿಯನ್ ಉದಾಹರಣೆ ತಗೊಳ್ಳಿ. ಅವರ ಕರ್ನಲ್ ಜಗತ್ತಿನ ಎಲ್ಲಾ ಮೆಷಿನ್‌ಗಳಲ್ಲೂ ನಡೆಯಬೇಕು, ಹಾಗಾಗಿ ನೆಟ್‌ವರ್ಕ್ ಡ್ರೈವರ್ ಮಾಡ್ಯೂಲ್ (ಬೇಕಾದಾಗ ಸೇರಿಸಿಕೊಳ್ಳುವ ಬೇರೆ ಫೈಲ್), ಸರ್ವರ್‌ನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಬಳಸಲು ಬಿಡುವ ಎನ್‌ಎಫ್‌ಎಸ್ ಕೂಡ ಮಾಡ್ಯೂಲ್, ಕರ್ನಲ್ ತಾನೇ ಐಪಿ ಪಡೆಯುವ ಆಯ್ಕೆ ಆಫ್. ಆ ಕೆಲಸವೆಲ್ಲ ಬೂಟ್ ಆಗುವಾಗ ರ‍್ಯಾಮ್‌ಗೆ ಬರುವ ತಾತ್ಕಾಲಿಕ ಫೈಲ್‌ಸಿಸ್ಟಂ ಆದ ಇನಿಟ್‌ರ‍್ಯಾಮ್‌ಎಫ್‌ಎಸ್ ಮಾಡಲಿ ಅಂತ ಅವರ ಲೆಕ್ಕ. ಅವರ ಮಟ್ಟಿಗೆ ಸರಿ. ಆದರೆ ನಮಗೆ ಬೇಕಾದ್ದು ಒಂದೇ ಜಾತಿಯ ಡಬ್ಬಿ, ಒಂದೇ ಚಿಪ್. ಸುಮ್ನೆ ಸಾವಿರಾರು ಮಾಡ್ಯೂಲ್ ಕಂಪೈಲ್ ಮಾಡುತ್ತಾ ಕೂರುವುದು ಯಾಕೆ?

ಕರ್ನಲ್ ಸೋರ್ಸ್ ಬಿಚ್ಚಿ, ಮೇಕ್ ಡೆಫ್‌ಕಾನ್ಫಿಗ್ ಅನ್ನಿ, ಕರ್ನಲ್ ಜೊತೆಗೇ ಬರುವ ಮೂಲ ಕಾನ್ಫಿಗ್ ಸಿಗುತ್ತದೆ. ಎಕ್ಸ್86-64ರ ಡೆಫ್‌ಕಾನ್ಫಿಗ್ ಒಳಗೆ ಇಣುಕಿದರೆ ಆಶ್ಚರ್ಯ ಆಗುತ್ತದೆ, ನೆಟ್‌ಬೂಟ್‌ಗೆ ಬೇಕಾದ್ದು ಹೆಚ್ಚು ಕಡಿಮೆ ಎಲ್ಲಾ ಅಲ್ಲಿ ಆಗಲೇ ಇದೆ. ಕರ್ನಲ್ ತಾನೇ ಐಪಿ ಪಡೆಯುವ ಐಪಿ_ಪಿಎನ್‌ಪಿ ಆನ್, ಅದರ ಕೆಳಗೆ ಡಿಎಚ್‌ಸಿಪಿ ಆನ್, ಎನ್‌ಎಫ್‌ಎಸ್_ಎಫ್‌ಎಸ್ ಆನ್, ರೂಟ್_ಎನ್‌ಎಫ್‌ಎಸ್ ಆನ್. ಇಂಟೆಲ್‌ನ ಇ1000, ಇ1000ಇ, ರಿಯಲ್‌ಟೆಕ್‌ನ ಆರ್8169 ಡ್ರೈವರ್‌ಗಳು ಕರ್ನಲ್ ಒಳಗೇ ಸೇರಿವೆ, ಮಾಡ್ಯೂಲ್ ಆಗಿ ಅಲ್ಲ. ಕರ್ನಲ್ ಬರೆಯುವವರು ತಮ್ಮ ಟೆಸ್ಟ್ ಮೆಷಿನ್‌ಗಳನ್ನು ಎನ್‌ಎಫ್‌ಎಸ್‌ನಿಂದ ಬೂಟ್ ಮಾಡಿಕೊಳ್ಳಲು ಇಟ್ಟುಕೊಂಡ ಹಾಗಿದೆ. ನಮಗೆ ಪುಕ್ಕಟೆ ಲಾಭ.

ಕರ್ನಲ್ ಆಯ್ಕೆಗಳನ್ನು ಬದಲಿಸುವ ಮೆನು ಆದ ಮೆನುಕಾನ್ಫಿಗ್‌ನಲ್ಲಿ ನೆನಪಿಡಬೇಕಾದ ನಿಯಮ ಒಂದೇ. ರೂಟ್ ಫೈಲ್‌ಸಿಸ್ಟಂ ಮುಟ್ಟುವ ತನಕ ಏನೇನು ಬೇಕೋ ಅದೆಲ್ಲ ವೈ, ಅಂದರೆ ಕರ್ನಲ್ ಒಳಗೇ. ಮುಟ್ಟಿದ ಮೇಲೆ ಬೇಕಾಗುವುದು ಎಂ, ಅಂದರೆ ಮಾಡ್ಯೂಲ್, ಆಗಿದ್ದರೂ ನಡೆಯುತ್ತದೆ. ಅಂದರೆ ನೆಟ್‌ವರ್ಕ್ ಡ್ರೈವರ್, ಅದರ ಕೇಬಲ್ ಕಡೆಯ ಚಿಪ್‌ನ ಫೈ ಡ್ರೈವರ್, ಐಪಿ, ಎನ್‌ಎಫ್‌ಎಸ್ ಮತ್ತು ಅದರ ವರ್ಷನ್ 3, /ಡೆವ್ ಫೋಲ್ಡರ್ ತುಂಬುವ ಡೆವ್‌ಟಿಎಂಪಿಎಫ್‌ಎಸ್ ಮತ್ತು ಅದು ತಾನೇ ಮೌಂಟ್ ಆಗುವ ಆಯ್ಕೆ, ಇವೆಲ್ಲ ವೈ. ಸೌಂಡ್, ಗ್ರಾಫಿಕ್ಸ್, ವೆಬ್‌ಕ್ಯಾಮ್ ಎಲ್ಲಾ ಎಂ. ಡೆಫ್‌ಕಾನ್ಫಿಗ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್ ಇದೆ, ಎಎಂಡಿಯದ್ದು ಇಲ್ಲ, ಅದನ್ನು ನಾವೇ ಸೇರಿಸಬೇಕು. ಅದಕ್ಕೆ ಫರ್ಮ್‌ವೇರ್, ಅಂದರೆ ಚಿಪ್ ಒಳಗೆ ತುಂಬುವ ಫೈಲ್, ಬೇರೆ ಬೇಕಾದ್ದರಿಂದ ಮಾಡ್ಯೂಲ್ ಆಗಿರುವುದೇ ಒಳ್ಳೆಯದು, ಎನ್‌ಎಫ್‌ಎಸ್ ಮೌಂಟ್ ಆದ ಮೇಲೆ ಡ್ರೈವರ್ ಮತ್ತು ಫರ್ಮ್‌ವೇರ್ ಎರಡೂ ಅಲ್ಲಿಂದಲೇ ಸಿಗುತ್ತವೆ. ಒಂದು ಸೂಕ್ಷ್ಮ ಇದೆ. ಎನ್‌ಎಫ್‌ಎಸ್ ಅನ್ನು ಎಂ ಮಾಡಿದರೆ ರೂಟ್_ಎನ್‌ಎಫ್‌ಎಸ್ ಅನ್ನುವ ಆಯ್ಕೆಯೇ ಮೆನುವಿನಲ್ಲಿ ಕಾಣುವುದಿಲ್ಲ. ಐಪಿ_ಪಿಎನ್‌ಪಿ ಇಲ್ಲದಿದ್ದರೂ ಅಷ್ಟೇ. ಇಲ್ಲದ ಆಯ್ಕೆಯನ್ನು ಮೆನು ತುಂಬಾ ಹುಡುಕುವ ಬದಲು ಸ್ಲ್ಯಾಶ್ ಒತ್ತಿ ಹೆಸರು ಹೊಡೆಯಿರಿ, ಯಾವುದರ ಮೇಲೆ ಅವಲಂಬಿಸಿದೆ ಅಂತ ಅದೇ ಹೇಳುತ್ತದೆ. ಮೆನುಕಾನ್ಫಿಗ್‌ಗೆ ನಾನು ಪೂರ್ತಿ ಅಂಕ ಕೊಡುವುದು ಈ ಒಂದು ಕೀಲಿಗೆ. ಉಳಿದಂತೆ ಅದರ ಸಹಾಯ ಪಠ್ಯ ಬರೆದವರು ಓದುಗರಿಗೆ ಎಲ್ಲಾ ಗೊತ್ತಿದೆ ಅಂತಲೇ ಬರೆದಿದ್ದಾರೆ.

ರಿಯಲ್‌ಟೆಕ್ ಚಿಪ್‌ಗಳಲ್ಲಿ ಇನ್ನೊಂದು ವಿಷಯ. ಆರ್8169 ಡ್ರೈವರ್ ಎಷ್ಟೋ ಚಿಪ್‌ಗಳಿಗೆ ಒಂದು ಸಣ್ಣ ಫರ್ಮ್‌ವೇರ್ ಫೈಲ್ ಕೇಳುತ್ತದೆ. ಡ್ರೈವರ್ ಕರ್ನಲ್ ಒಳಗೇ ಇದ್ದರೆ, ಅದು ಫೈಲ್ ಕೇಳುವ ಹೊತ್ತಿಗೆ ಫೈಲ್‌ಸಿಸ್ಟಂ ಇನ್ನೂ ಬಂದೇ ಇರುವುದಿಲ್ಲ, ಫೈಲ್‌ಸಿಸ್ಟಂ ಬರಬೇಕಾದ್ದೇ ಆ ಕಾರ್ಡ್ ಮೂಲಕ. ಫೈಲ್ ಸಿಗದಿದ್ದರೂ ಹಲವು ಚಿಪ್‌ಗಳು ಹೇಗೋ ಕೆಲಸ ಮಾಡುತ್ತವೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಎಕ್ಸ್‌ಟ್ರಾ_ಫರ್ಮ್‌ವೇರ್ ಅನ್ನುವ ಆಯ್ಕೆಯಲ್ಲಿ ಆ ಫೈಲ್‌ನ ಹೆಸರು ಬರೆದರೆ ಬಿಲ್ಡ್ ಆಗುವಾಗಲೇ ಕರ್ನಲ್ ಒಳಗೆ ಸೇರಿಕೊಳ್ಳುತ್ತದೆ. ಯಾವ ಫೈಲ್ ಅಂತ ತಿಳಿಯಲು ಲೈವ್ ಯುಎಸ್‌ಬಿಯಲ್ಲಿ ಇಎಥ್‌ಟೂಲ್ ಕಮಾಂಡನ್ನು ಕೇಳಿ, ಇಲ್ಲವೇ ಬೂಟ್ ಲಾಗ್ ನೋಡಿ. ಅಂಗಡಿಯಲ್ಲೇ ಬರೆದುಕೊಳ್ಳಿ ಅಂದದ್ದು ಇದಕ್ಕೇ.

ಬಿಲ್ಡ್ ಮಾಡುವುದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಕಂಪೈಲರ್, ಫ್ಲೆಕ್ಸ್, ಬೈಸನ್, ಬಿಸಿ, ಓಪನ್‌ಎಸ್‌ಎಸ್‌ಎಲ್ ಮತ್ತು ಎಲ್ಫ್ ಲೈಬ್ರರಿಗಳ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಕೊಂಡು, ಎಲ್ಲಾ ಕೋರ್ ಬಳಸಿ ಮೇಕ್ ಕೊಟ್ಟರೆ ಆಯಿತು. ಥಿನ್ ಕ್ಲೈಂಟ್ ಮೇಲೆ ಮಾತ್ರ ಬಿಲ್ಡ್ ಮಾಡಬೇಡಿ, ಪಾಪ ಅದು. ಸರ್ವರ್‌ನಲ್ಲಿ ಮಾಡಿ. ಮಾಡ್ಯೂಲ್ಸ್ ಇನ್‌ಸ್ಟಾಲ್ ಕೊಡುವಾಗ ಇನ್‌ಸ್ಟಾಲ್_ಮಾಡ್_ಪಾತ್ ಅನ್ನು ಎನ್‌ಎಫ್‌ಎಸ್ ಫೋಲ್ಡರ್‌ಗೆ ತಿರುಗಿಸಿ, ಇಲ್ಲದಿದ್ದರೆ ಎಲ್ಲಾ ಸರ್ವರ್‌ನ ಸ್ವಂತ ಲಿಬ್ ಒಳಗೆ ಹೋಗಿ ಕೂರುತ್ತದೆ. ಲೋಕಲ್‌ವರ್ಷನ್‌ಗೆ ಒಂದು ಹೆಸರು ಕೊಡಿ, ಯಾವ ಕರ್ನಲ್‌ಗೆ ಯಾವ ಮಾಡ್ಯೂಲ್ ಅಂತ ಗೊಂದಲ ಆಗುವುದಿಲ್ಲ.

ಡಬ್ಬಿಗೆ ಹಾಕುವ ಮೊದಲು, ಕಂಪ್ಯೂಟರನ್ನು ಅನುಕರಿಸುವ ಸಾಫ್ಟ್‌ವೇರ್ ಆದ ಕ್ಯೂಇಎಂಯುನಲ್ಲಿ ಓಡಿಸಿ ನೋಡುವುದು ಒಳ್ಳೆಯದು. ಅದರ ಇ1000 ಕಾರ್ಡ್‌ಗೆ ಡ್ರೈವರ್ ಡೆಫ್‌ಕಾನ್ಫಿಗ್‌ನಲ್ಲೇ ಇದೆ, ಬಿಲ್ಡ್ ಆದ ಕರ್ನಲ್ ಫೈಲ್ ಬಿಜಡ್‌ಇಮೇಜ್ ಅನ್ನು ನೇರ ಕೊಟ್ಟು ಕಮಾಂಡ್‌ಲೈನ್ ಬರೆದರೆ ಸಾಕು. ಯೂಸರ್ ಮೋಡ್ ನೆಟ್‌ವರ್ಕ್‌ನಲ್ಲಿ ಸರ್ವರ್ 10.0.2.2 ಅಂತ ಕಾಣುತ್ತದೆ. ಅಲ್ಲಿ ಎನ್‌ಎಫ್‌ಎಸ್ ಮೌಂಟ್ ನಿರಾಕರಿಸಿದರೆ ಗಾಬರಿ ಬೇಡ. ವಿನಂತಿ 1024ಕ್ಕಿಂತ ಮೇಲಿನ ಪೋರ್ಟ್‌ನಿಂದ ಬರುತ್ತಿರುತ್ತದೆ, ಸರ್ವರ್‌ನ ಎಕ್ಸ್‌ಪೋರ್ಟ್ಸ್ ಫೈಲ್‌ನ ಸಾಲಿಗೆ ಇನ್‌ಸೆಕ್ಯೂರ್ ಅಂತ ಸೇರಿಸಿದರೆ ಸರಿಯಾಗುತ್ತದೆ. ಟೆಸ್ಟ್ ಮುಗಿದ ಮೇಲೆ ತೆಗೆದುಬಿಡಿ.

ಕರ್ನಲ್‌ಗೆ ಕೊಡುವ ಕಮಾಂಡ್‌ಲೈನ್ ಚಿಕ್ಕದು. ರೂಟ್ ಎಂದರೆ /ಡೆವ್/ಎನ್‌ಎಫ್‌ಎಸ್, ಆ ಹೆಸರಿನ ಡಿವೈಸ್ ನಿಜವಾಗಿ ಎಲ್ಲೂ ಇಲ್ಲ, ಎನ್‌ಎಫ್‌ಎಸ್ ಬಳಸು ಅನ್ನಲು ಕರ್ನಲ್‌ಗೆ ಕೊಡುವ ಸಂಜ್ಞೆ ಅಷ್ಟೇ. ಎನ್‌ಎಫ್‌ಎಸ್‌ರೂಟ್ ಎಂದರೆ ಸರ್ವರ್‌ನ ಐಪಿ ಮತ್ತು ದಾರಿ. ಐಪಿ ಎಂದರೆ ಡಿಎಚ್‌ಸಿಪಿ. ಎನ್‌ಎಫ್‌ಎಸ್‌ರೂಟ್ ಕೊನೆಗೆ ವರ್ಷನ್ 3, ಟಿಸಿಪಿ ಅಂತ ಸ್ಪಷ್ಟವಾಗಿ ಬರೆಯಿರಿ. ಬರೆಯದೇ ಬಿಟ್ಟರೆ ಕರ್ನಲ್ ಹಳೇ ವರ್ಷನ್ ಹಿಡಿದುಕೊಂಡು ಹೋಗಿ ಹೊಸ ಸರ್ವರ್ ಮುಂದೆ ನಿಲ್ಲಬಹುದು. ದಾರಿಯಲ್ಲಿ ಪರ್ಸೆಂಟ್ ಎಸ್ ಬರೆದರೆ ಆ ಜಾಗಕ್ಕೆ ಕ್ಲೈಂಟ್‌ನ ಐಪಿ ತಾನೇ ಬರುತ್ತದೆ, ಒಂದೊಂದು ಮೆಷಿನ್‌ಗೆ ಒಂದೊಂದು ಫೋಲ್ಡರ್ ಬೇಕೆನ್ನುವವರಿಗೆ ಇದು ಬಹಳ ಉಪಯೋಗ. ಸರ್ವರ್‌ನಲ್ಲಿ, ಕ್ಲೈಂಟ್‌ನ ರೂಟ್ ಯೂಸರ್‌ಗೆ ಪೂರ್ತಿ ಅಧಿಕಾರ ಕೊಡುವ ನೋ_ರೂಟ್_ಸ್ಕ್ವಾಶ್ ಹಾಕದಿದ್ದರೆ ಬೂಟ್ ಅರ್ಧಕ್ಕೆ ಹೋಗಿ ವಿಚಿತ್ರ ಪರ್ಮಿಶನ್ ತಕರಾರು ಶುರುವಾಗುತ್ತದೆ.

ಬೂಟ್ ಆಗದಿದ್ದಾಗ ಪರದೆ ಮೇಲಿನ ಸಾಲನ್ನು ಓದಬೇಕು, ಅಲ್ಲೇ ಉತ್ತರ ಇರುತ್ತದೆ. ಪಿಎಕ್ಸ್‌ಇ-ಇ51 ಬಂದರೆ ಡಿಎಚ್‌ಸಿಪಿ ಉತ್ತರವೇ ಬಂದಿಲ್ಲ, ಇ53 ಬಂದರೆ ಉತ್ತರ ಬಂದಿದೆ ಆದರೆ ಫೈಲ್ ಹೆಸರಿಲ್ಲ, ಇ32 ಅಂದರೆ ಟಿಎಫ್‌ಟಿಪಿ ಮಾತಾಡುತ್ತಿಲ್ಲ, ಹೆಚ್ಚಾಗಿ ಫೈರ್‌ವಾಲ್. ಮ್ಯಾನೇಜ್ಡ್ ಸ್ವಿಚ್ ಇದ್ದರೆ ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಕಡೆ ನೋಡಿ, ಪೋರ್ಟ್ ತೆರೆಯಲು ಅದು 30 ಸೆಕೆಂಡ್ ತಗೊಳ್ಳುತ್ತದೆ, ಅಷ್ಟರಲ್ಲಿ ಪಿಎಕ್ಸ್‌ಇ ಸುಸ್ತಾಗಿ ಬಿಟ್ಟಿರುತ್ತದೆ. ಕರ್ನಲ್ ಬಂದ ಮೇಲೆ ನೋ ನೆಟ್‌ವರ್ಕ್ ಡಿವೈಸಸ್ ಅವೈಲಬಲ್ ಅಂದರೆ ಡ್ರೈವರ್ ವೈ ಆಗಿಲ್ಲ, ಎಂ ಆಗಿದೆ. ಐಪಿ ಸಿಕ್ಕಿ ಆಮೇಲೆ ಕರ್ನಲ್ ಪ್ಯಾನಿಕ್ ಆಗಿ ನಿಂತರೆ ತೊಂದರೆ ಎನ್‌ಎಫ್‌ಎಸ್ ಕಡೆಯದ್ದು. ಹಳೇ ಕರ್ನಲ್‌ಗಳು ಎನ್‌ಎಫ್‌ಎಸ್ ಸಿಗದಿದ್ದರೆ ಫ್ಲಾಪಿ ನೋಡುತ್ತೇನೆ ಅಂತ ಬೇರೆ ಬರೆಯುತ್ತಿದ್ದವು. ಫ್ಲಾಪಿ ಎಲ್ಲಿದೆ ಅಂತ ಅದಕ್ಕೆ ಯಾರು ಹೇಳಬೇಕು!

ಎಲ್ಲಾ ಸರಿಯಾಗಿ ಬೂಟ್ ಆಗಿ, ಲಾಗಿನ್ ಪರದೆ ಬರುವ ಹೊತ್ತಿಗೆ ಮೆಷಿನ್ ಗಟ್ಟಿಯಾಗಿ ನಿಂತುಬಿಟ್ಟರೆ? ಇದು ಕರ್ನಲ್‌ನ ತಪ್ಪಲ್ಲ. ಇಲ್ಲಿ ಡಿಎಚ್‌ಸಿಪಿ ಒಂದು ಸಲ ಅಲ್ಲ, ಹಲವು ಸಲ ನಡೆಯುತ್ತದೆ. ಬಯೋಸ್ ಕೇಳುತ್ತದೆ, ನಡುವೆ ಕರ್ನಲ್ಲನ್ನು ಎಳೆದು ತರುವ ಬೂಟ್‌ಲೋಡರ್ ಇದ್ದರೆ ಅದೂ ಕೇಳುತ್ತದೆ, ಕರ್ನಲ್ ಮತ್ತೆ ಕೇಳುತ್ತದೆ. ಕೊನೆಗೆ ನೆಟ್‌ವರ್ಕ್‌ಮ್ಯಾನೇಜರ್ ಬಂದು, ನಾನೂ ಕೇಳುತ್ತೇನೆ ಅಂತ ಕಾರ್ಡನ್ನು ಒಂದು ಕ್ಷಣ ಕೆಳಗಿಳಿಸುತ್ತದೆ. ಅದು ಕೂತಿರುವ ಕೊಂಬೆಯೇ ಆ ಕಾರ್ಡ್. ರೂಟ್ ಫೈಲ್‌ಸಿಸ್ಟಂ ಕೈಬಿಟ್ಟು ಹೋಗುತ್ತದೆ, ಸರ್ವರ್ ನಾಟ್ ರೆಸ್ಪಾಂಡಿಂಗ್ ಅಂತ ಒಂದು ಸಾಲು ಬಂದರೆ ಬಂತು, ಇಲ್ಲದಿದ್ದರೆ ಅದೂ ಇಲ್ಲ. ಆ ಇಂಟರ್‌ಫೇಸ್ ಅನ್ನು ಮುಟ್ಟಬೇಡ ಅಂತ ನೆಟ್‌ವರ್ಕ್‌ಮ್ಯಾನೇಜರ್‌ಗೆ ಹೇಳಿ, ಅಥವಾ ಇಂಟರ್‌ಫೇಸಸ್ ಫೈಲ್‌ನಲ್ಲಿ ಮ್ಯಾನ್ಯುಯಲ್ ಅಂತ ಬರೆಯಿರಿ. ಕರ್ನಲ್ ಕಾನ್ಫಿಗರೇಶನ್ ಕಲಿಸುವ ಬರಹಗಳು ಈ ಮಾತನ್ನು ಸಾಮಾನ್ಯವಾಗಿ ಹೇಳುವುದೇ ಇಲ್ಲ, ಅವರ ಪಾಠ ಪ್ಯಾನಿಕ್ ನಿಂತ ಕಡೆಗೇ ಮುಗಿದಿರುತ್ತದೆ.

ಬೂಟ್‌ಲೋಡರ್ ಯಾವುದು ಅನ್ನುವ ಪ್ರಶ್ನೆಗೆ ಎರಡು ಉತ್ತರ. ಹಳೇ ಬಯೋಸ್ ಡಬ್ಬಿಗೆ ಐಪಿಎಕ್ಸ್‌ಇ. ಟಿಎಫ್‌ಟಿಪಿ ಮೂಲ ರೂಪದಲ್ಲಿ 512 ಬೈಟ್‌ನ ತುಂಡು ಕಳಿಸಿ, ಅದಕ್ಕೆ ಒಪ್ಪಿಗೆ ಬರುವ ತನಕ ಕಾಯುತ್ತದೆ. 12 ಎಂಬಿಯ ಕರ್ನಲ್ ಅಂದರೆ 24 ಸಾವಿರಕ್ಕೂ ಹೆಚ್ಚು ತುಂಡು. ತುಂಡಿನ ನಂಬರ್‌ಗೆ ಇರುವುದು 16 ಬಿಟ್, ಹಾಗಾಗಿ ಲೆಕ್ಕ 32 ಎಂಬಿ ಹತ್ತಿರ ಮುಗಿಯುತ್ತದೆ, ಡಿಸ್ಟ್ರೋಗಳ ದಪ್ಪ ಇನಿಟ್‌ಆರ್‌ಡಿ (ಇನಿಟ್‌ರ‍್ಯಾಮ್‌ಎಫ್‌ಎಸ್ ಇರುವ ಫೈಲ್) ಎಷ್ಟೋ ಸಲ ಅದಕ್ಕಿಂತ ದೊಡ್ಡದು. ತುಂಡಿನ ಗಾತ್ರ ಹೆಚ್ಚಿಸುವ ಸೌಲಭ್ಯ ಆಮೇಲೆ ಬಂತು, ಆದರೂ ಐಪಿಎಕ್ಸ್‌ಇ ಎಚ್‌ಟಿಟಿಪಿಯಲ್ಲಿ ಎಳೆದುಕೊಳ್ಳುವ ವೇಗದ ಮುಂದೆ ಅದು ಏನೂ ಅಲ್ಲ. ಒಂದು ಎಚ್ಚರ, ಐಪಿಎಕ್ಸ್‌ಇ ಎದ್ದು ಡಿಎಚ್‌ಸಿಪಿ ಕೇಳಿದಾಗ ಮತ್ತೆ ಐಪಿಎಕ್ಸ್‌ಇ ಫೈಲನ್ನೇ ಕೊಟ್ಟರೆ ಅದು ತನ್ನನ್ನೇ ತಾನು ಲೋಡ್ ಮಾಡುತ್ತಾ ಸುತ್ತುತ್ತಿರುತ್ತದೆ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಐಪಿಎಕ್ಸ್‌ಇಯ ಗುರುತಾದ ಆಪ್ಶನ್ 175 ಇದೆಯಾ ಅಂತ ನೋಡಿ, ಇದ್ದರೆ ಸ್ಕ್ರಿಪ್ಟ್ ಕೊಡು ಅನ್ನಿ.

ಹಳೇ ಬಯೋಸ್ ಬದಲು ಯುಇಎಫ್‌ಐ ಇರುವ ಡಬ್ಬಿಯಾದರೆ ಉತ್ತರ ಇನ್ನೂ ಚೆನ್ನ: ಬೂಟ್‌ಲೋಡರೇ ಬೇಡ. 2012ರಲ್ಲಿ ಬಂದ 3.3ರಿಂದ ಕರ್ನಲ್‌ನಲ್ಲಿ ಇಎಫ್‌ಐ ಸ್ಟಬ್ ಅನ್ನುವ ಆಯ್ಕೆ ಇದೆ, ಅದನ್ನು ಆನ್ ಮಾಡಿದರೆ ಬಿಜಡ್‌ಇಮೇಜ್ ತಾನೇ ಒಂದು ಇಎಫ್‌ಐ ಪ್ರೋಗ್ರಾಂ ಆಗುತ್ತದೆ. ಕಮಾಂಡ್‌ಲೈನ್ ಅನ್ನೂ ಕರ್ನಲ್ ಒಳಗೇ ಬರೆದು ಬಿಲ್ಡ್ ಮಾಡಿ, ಡಿಎಚ್‌ಸಿಪಿ ಉತ್ತರದಲ್ಲಿ ಫೈಲ್ ಹೆಸರಿನ ಜಾಗದಲ್ಲಿ ಬಿಜಡ್‌ಇಮೇಜ್ ಅಂತ ಕೊಟ್ಟುಬಿಡಿ. ಯುಇಎಫ್‌ಐ ಕರ್ನಲ್ಲನ್ನು ಎಳೆಯುತ್ತದೆ, ಕರ್ನಲ್ ಎನ್‌ಎಫ್‌ಎಸ್ ಹಿಡಿಯುತ್ತದೆ, ಮುಗಿಯಿತು. ಗ್ರಬ್ ಇಲ್ಲ, ಇನಿಟ್‌ಆರ್‌ಡಿ ಇಲ್ಲ, ಸ್ಕ್ರಿಪ್ಟ್ ಇಲ್ಲ. ಸರ್ವರ್ ಐಪಿ ಬದಲಾದರೆ ಮತ್ತೆ ಬಿಲ್ಡ್ ಮಾಡಬೇಕು, ಅದೊಂದು ಕಿರಿಕಿರಿ. ಕ್ಲಾಸಿನ ಸರ್ವರ್ ಐಪಿ ಎಷ್ಟು ಸಲ ಬದಲಾಗುತ್ತದೆ ಹೇಳಿ?

ಎಲ್ಲಾ ಮೆಷಿನ್‌ಗಳೂ ಒಂದೇ ರೂಟ್ ಹಂಚಿಕೊಳ್ಳಬೇಕಾದರೆ ಅದು ರೀಡ್ ಓನ್ಲಿ ಇರಬೇಕು. ಒಂದು ಫೈಲ್‌ಸಿಸ್ಟಂ ಮೇಲೆ ಇನ್ನೊಂದನ್ನು ಪದರವಾಗಿ ಜೋಡಿಸುವ ಓವರ್‌ಲೇ ಎಫ್‌ಎಸ್ ಅನ್ನು ಕರ್ನಲ್‌ಗೆ ಸೇರಿಸಿ, ಕರ್ನಲ್ ಮೊದಲು ಓಡಿಸುವ ಪ್ರೋಗ್ರಾಂ ಆದ ಇನಿಟ್ ಜಾಗದಲ್ಲಿ ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್ ಇಟ್ಟರೆ, ಕೆಳಗೆ ಎನ್‌ಎಫ್‌ಎಸ್, ಮೇಲೆ ರ‍್ಯಾಮ್ ಅಂತ ಜೋಡಿಸಿ ನಿಜವಾದ ಇನಿಟ್‌ಗೆ ಕೆಲಸ ಒಪ್ಪಿಸಬಹುದು. ಮಕ್ಕಳು ಏನೇ ಕೆಡಿಸಲಿ, ಆಫ್ ಮಾಡಿ ಆನ್ ಮಾಡಿದರೆ ಹೊಸದು. ಅವರ ಹೋಮ್ ಫೋಲ್ಡರ್ ಮಾತ್ರ ಬೇರೆ ಎಕ್ಸ್‌ಪೋರ್ಟ್ ಆಗಿ ಬರೆಯುವಂತೆ ಇಡಿ. ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಕನ್ನಡದ ವಿಷಯ. ಡೆಬಿಯನ್‌ನ ಕನ್ನಡ ಫಾಂಟ್ ಪ್ಯಾಕೇಜ್ ಒಂದು ಸಲ ಸರ್ವರ್ ಫೋಲ್ಡರ್‌ನಲ್ಲಿ ಹಾಕಿದರೆ ಗುಬ್ಬಿ, ನವಿಲು ಎರಡೂ ಎಲ್ಲಾ ಪರದೆಗಳಲ್ಲೂ ಬರುತ್ತವೆ. ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಬೋರ್ಡ್ ವಿನ್ಯಾಸವೂ ಒಂದೇ ಸಲ ಹಾಕಿದ್ದು. ಮುಂಚೆ ಒಂದು ಮೆಷಿನ್‌ನಲ್ಲಿ ಒತ್ತಕ್ಷರ ಸರಿ, ಪಕ್ಕದ್ದರಲ್ಲಿ ಚೌಕ ಡಬ್ಬಿ ಅನ್ನುವ ಗೋಳು ಇರುತ್ತಿತ್ತು.

ಈಗ ಕೊರತೆಗಳು. ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ 4 ಜಿಬಿ ಸಾಲದು, ಹೋಮ್ ಫೋಲ್ಡರ್ ಬಿಟ್ಟು ಮೆಷಿನ್ ಬರೆಯುವುದೆಲ್ಲ ರ‍್ಯಾಮ್‌ನಲ್ಲೇ ಕೂರುವುದರಿಂದ ಇನ್ನೂ ಬೇಗ ತುಂಬುತ್ತದೆ. ರ‍್ಯಾಮ್‌ನಲ್ಲಿರುವುದನ್ನೇ ಒತ್ತಿ ಚಿಕ್ಕದು ಮಾಡುವ ಝಡ್‌ರ‍್ಯಾಮ್ ಆನ್ ಮಾಡಿ, ಸ್ವಲ್ಪ ಉಸಿರಾಡುತ್ತದೆ. ವಿಡಿಯೋ ಎಡಿಟಿಂಗ್ ಕನಸು ಬಿಡಿ. ಸ್ವಿಚ್ ಗಿಗಾಬಿಟ್ ಇರಲೇಬೇಕು. ಸರ್ವರ್‌ನ ಪೋರ್ಟ್ 100 ಎಂಬಿಪಿಎಸ್ ಆಗಿದ್ದರೆ ಸೆಕೆಂಡಿಗೆ 12.5 ಎಂಬಿ, ಅದನ್ನೇ ಇಡೀ ಕ್ಲಾಸು ಹಂಚಿಕೊಳ್ಳಬೇಕು. ಗಿಗಾಬಿಟ್ ಇದ್ದರೆ ಎಲ್ಲರೂ ಒಟ್ಟಿಗೆ ಆನ್ ಮಾಡಿದರೂ ತೊಂದರೆ ಕಾಣಲಿಲ್ಲ, ಎಲ್ಲಾ ಮೆಷಿನ್‌ಗಳೂ ಓದುವುದು ಅದೇ ಫೈಲ್‌ಗಳನ್ನು, ಅವು ಸರ್ವರ್‌ನ ರ‍್ಯಾಮ್‌ನಲ್ಲೇ ಇರುತ್ತವೆ. ಕರೆಂಟ್ ಹೋದಾಗ ಸರ್ವರ್ ಮತ್ತು ಸ್ವಿಚ್ ಎರಡಕ್ಕೂ ಯುಪಿಎಸ್ ಬೇಕು, ಸ್ವಿಚ್ಚನ್ನು ಜನ ಮರೆಯುತ್ತಾರೆ. ವೈಫೈಯಿಂದ ಇದು ಆಗುವ ಮಾತಲ್ಲ. ಟಿಎಫ್‌ಟಿಪಿ, ಎನ್‌ಎಫ್‌ಎಸ್ 3 ಎರಡಕ್ಕೂ ಬಾಗಿಲಿಗೆ ಚಿಲಕವಿಲ್ಲ, ಹಾಗಾಗಿ ಈ ಮೆಷಿನ್‌ಗಳಿಗೆ ಬೇರೆಯೇ ನೆಟ್‌ವರ್ಕ್ ಇಡಿ, ಗೆಸ್ಟ್ ವೈಫೈ ಜೊತೆ ಬೆರೆಸಬೇಡಿ.

ಕರ್ನಲ್ ಬಿಲ್ಡ್ ಮಾಡುವ ಉಸಾಬರಿಯೇ ಬೇಡ ಅನ್ನುವವರಿಗೆ ನೆಟ್‌ಬೂಟ್ ವ್ಯವಸ್ಥೆಯನ್ನು ಸಿದ್ಧವಾಗಿ ಕೊಡುವ ಎಲ್‌ಟಿಎಸ್‌ಪಿ ಇದೆ. 1999ರಿಂದ ನಡೆದುಬಂದ ಯೋಜನೆ, 2019ರಲ್ಲಿ ಹೊಸದಾಗಿ ಬರೆದರು, ಡಿಸ್ಟ್ರೋ ಕರ್ನಲ್ಲನ್ನೇ ಬಳಸುತ್ತದೆ. ಬೇರೆ ಬೇರೆ ಜಾತಿಯ ಡಬ್ಬಿಗಳು ಕಲಸಿಕೊಂಡಿದ್ದರೆ ನಾನೂ ಅದನ್ನೇ ಹಾಕುತ್ತಿದ್ದೆ. ಒಂದೇ ಮಾಡೆಲ್ ಎಲ್ಲಾ ಬೇಕಾದಷ್ಟು ಸಿಕ್ಕರೆ ಮಾತ್ರ ಸ್ವಂತ ಕರ್ನಲ್. ಆದ್ದರಿಂದ ಅಂಗಡಿಯಲ್ಲಿ ರೇಟ್ ಮಾತಾಡುವಾಗ ಎಲ್ಲಾ ಒಂದೇ ಮಾಡೆಲ್ ಕೊಡಿ ಅಂತ ಮೊದಲೇ ಹೇಳಿ, ಮೇಲೆ ಎರಡು ಜಾಸ್ತಿ ತಗೊಳ್ಳಿ, ಮುಂದಿನ ಸಲ ಹೋದಾಗ ಆ ಲಾಟ್ ಖಾಲಿಯಾಗಿರುತ್ತದೆ. ಡಬ್ಬಿಗೆ ಐದಕ್ಕೆ ಮೂರೂವರೆ, ಕರ್ನಲ್‌ಗೆ ಐದಕ್ಕೆ ನಾಲ್ಕೂವರೆ. ಆ ಅರ್ಧ ಅಂಕ ಕಳೆದದ್ದು ಮೆನುಕಾನ್ಫಿಗ್‌ನ ಸಹಾಯ ಪಠ್ಯಕ್ಕೆ.